ಗ್ಯಾದರಿಂಗಿಗೆ ತಂದ ಹಾಡು

ಆಗ ನಮ್ಮ ಊರಿಗೆ ಹಾಡು ಬೇಕೆಂದರೆ ಬಸ್ಸು ಹತ್ತಿ ಹೋಗಿ ತರಬೇಕಿತ್ತು. ಮೋರಟಗಿ ದಾಟಿ ಒಳಗಿರುವ ಊರು ನಮ್ಮದು. ಕಂಪ್ಯೂಟರ್ ಇದ್ದದ್ದು ಸಿಂದಗಿಯಲ್ಲಿ, ಮಾಮಾನ ಅಂಗಡಿಯಲ್ಲಿ. ಅವ್ವನ ತಮ್ಮ ಅವನು, ಮದುವೆ ಕಾರ್ಡು ಟೈಪ್ ಮಾಡಿಕೊಡುತ್ತಿದ್ದ. ಸೂಟಿಯಲ್ಲಿ ಅಲ್ಲಿ ಕೂತು ಹಾಡು ಹಚ್ಚಿ ಕೇಳಿದ್ದಷ್ಟೇ ನನ್ನ ಕಂಪ್ಯೂಟರ್ ವಿದ್ಯೆ. ಅಷ್ಟಕ್ಕೇ ಏಳನೇ ಇಯತ್ತೆಯ ಹುಡುಗಿಯರ ನಡುವೆ ನನ್ನ ಜಂಬ ಹೇಳತೀರದು.

ಆ ವರ್ಷದ ಸಾಲಿ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ನಮ್ಮದೊಂದು ಡಾನ್ಸು. ಮುಂದೆ ನಿಲ್ಲುವವಳು ನನ್ನ ಜೀವದ ಗೆಳತಿ ಕಸ್ತೂರಿ. ಏಳನೇದು ಮುಗಿದರೆ ಅವಳ ಸಾಲಿಯೂ ಮುಗಿದಂತೆ ಎಂದು ಅವಳಪ್ಪ ಮೊದಲೇ ಹೇಳಿಬಿಟ್ಟಿದ್ದ. ಅವಳನ್ನು ಕುಣಿಯಲು ಬಿಡುವಂತೆ ಅವನನ್ನು ಒಪ್ಪಿಸುವಷ್ಟರಲ್ಲಿ ನಮ್ಮ ಸರ್‌ಗೆ ಸಾಕುಸಾಕಾಗಿತ್ತು. "ಇದೊಂದ ಸಲ ನೋಡ್ರಿ ಗುರುಗಳ, ಮತ್ತ ಕೇಳಬ್ಯಾಡ್ರಿ," ಎಂದಿದ್ದ.

ಎರಡು ತಿಂಗಳು ಸಾಲಿಯ ಹಿಂದೆ, ಜೋಳದ ಒಣ ಕಣಿಕೆಯ ವಾಸನೆಯಲ್ಲಿ, ಬಾಯಲ್ಲೇ ಹಾಡಿಕೊಂಡು ಕುಣಿದೆವು. ಹೆಜ್ಜೆ ತಪ್ಪುವ ನನ್ನನ್ನು ಕಡೆಯ ಸಾಲಿಗೆ ದೂಡಿದ್ದರು. ಆ ಸಿಟ್ಟಿಗೆ, "ಹಾಡ ನಾ ತರ್ತೇನಿ," ಅಂದೆ.

ಗ್ಯಾದರಿಂಗಿನ ದಿನವೇ ಸರ್ ಕೊಟ್ಟ ಪೆನ್‌ಡ್ರೈವಿಗೆ ದಾರ ಕಟ್ಟಿ, ಕೊರಳಿಗೆ ಹಾಕಿಕೊಂಡು ಸಿಂದಗಿಯಲ್ಲಿ ಇಳಿದೆ. ಎರಡಕ್ಕೆ ಕರೆಂಟು ಹೋಗುತ್ತಿತ್ತು. ಅಂಗಡಿ ಮುಟ್ಟಿದಾಗ ಇನ್ನು ಐದೇ ನಿಮಿಷವಿತ್ತು. ಕಾರ್ಡಿನಲ್ಲಿ ಬೀಗರ ಹೆಸರು ಬಿಟ್ಟುಹೋಗಿ ಮಾಮಾ ಗಿರಾಕಿಯ ಕೈಗೆ ಸಿಕ್ಕಿದ್ದ.

"ಮಾಮಾ, ಹಾಡು!"

"ನಿಂದ್ರವಾ, ಇವರದ ಮುಗಿಸಿ ಹಾಕಿಕೊಡ್ತೇನಿ."

"ನನಗ ಬರ್ತೈತಿ."

ಕುರ್ಚಿ ಏರಿದೆ. ನಮ್ಮ ಹಾಡಿನ ಹೆಸರು ಪರದೆಯ ಮೇಲೇ ಇತ್ತು. ಕಾಪಿ ಮಾಡಿ ಪೇಸ್ಟ್ ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಹೆಸರು ಪೆನ್‌ಡ್ರೈವಿನಲ್ಲಿ ಬಂದು ಕೂತಿತು.

"ಇಷ್ಟ ಲಗೂ ಆತೇನ? ಒಮ್ಮಿ ಹಚ್ಚಿ ನೋಡು," ಅಂದ ಮಾಮಾ.

ಪೆನ್‌ಡ್ರೈವಿನಲ್ಲಿದ್ದ ಹೆಸರನ್ನೇ ಒತ್ತಿದೆ. ಹಾಡು ಬಂತು! ಮಾಮಾನೂ ತಲೆದೂಗಿದ. ಅಷ್ಟರಲ್ಲಿ ಕರೆಂಟು ಹೋಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದೇ ಬಂದೆ.

ಸಂಜೆ ಸ್ಟೇಜಿನ ಹಿಂದೆ ಪೌಡರಿನ ಘಮ, ಹೊರಗಿನಿಂದ ಮಿರ್ಚಿ ಭಜಿಯ ವಾಸನೆ. ನಮ್ಮ ಹೆಸರು ಕರೆದರು. ಕಸ್ತೂರಿ ಮುಂದೆ ಹೋಗಿ ಒಂದು ಕೈ ಮೇಲೆತ್ತಿ ನಿಂತಳು. ಹಾಡು ಶುರುವಾಗಬೇಕಾದದ್ದು ಅಲ್ಲಿಂದಲೇ. ಕೆಳಗೆ ಮೊದಲ ಸಾಲಿನಲ್ಲಿ ಅವಳಪ್ಪ ಕೂತಿದ್ದ.

ಹಾಡು ಬರಲಿಲ್ಲ. ಮೈಕಿನ ಕಾಕಾ ಪೆನ್‌ಡ್ರೈವನ್ನು ತೆಗೆದು, ಊದಿ, ಅಂಗಿಗೆ ಒರೆಸಿ ಮತ್ತೆ ತನ್ನ ಡಿವಿಡಿ ಮಿಷಿನ್ನಿಗೆ ಹಾಕಿದ.

"ಇದರಾಗ ಏನೂ ಇಲ್ಲವಾ."

"ಐತ್ರಿ ಕಾಕಾ! ನಾನ ಕೇಳಿ ಬಂದೇನಿ!"

ಹುಡುಗರು ಸಿಳ್ಳೆ ಹಾಕತೊಡಗಿದರು. ಕಸ್ತೂರಿ ಎತ್ತಿದ ಕೈ ಇಳಿಸಲಿಲ್ಲ. ಕಡೆಗೆ ಸರ್ ಮುಂದಿನ ಕಾರ್ಯಕ್ರಮದ ಹೆಸರು ಹೇಳಿದರು. ಅವಳಪ್ಪ ಎದ್ದು ನಿಂತು, "ಸಾಕ್ ಬಾ," ಅಂದ.

ಇಳಿಯುವಾಗ ಹುಡುಗಿಯರೆಲ್ಲ ನನ್ನ ಮೇಲೆ ಬಿದ್ದರು. ಕಸ್ತೂರಿ ಅಡ್ಡ ಬಂದಳು. "ಅಕಿ ಹಾಡ ತಂದಾಳ. ಈ ಕಾಕಾನ ಮಿಷಿನ್ ಕೆಟ್ಟೈತಿ!" ಕಾಕಾ ವೈರು ಸುತ್ತುತ್ತ ನಿಂತ. ನಾನೂ ಹಾಗೆಂದೇ ನಂಬಿದ್ದೆ.

ಮರುವರ್ಷ ನಾನು ಸಿಂದಗಿಯ ಹೈಸ್ಕೂಲಿಗೆ ಹೋದೆ. ಅಲ್ಲಿ ಕಂಪ್ಯೂಟರ್ ಸರ್ ಪರದೆ ತೋರಿಸಿ ಹೇಳಿದರು: ಹೆಸರಿನ ಮೇಲಿರುವ ಪುಟ್ಟ ಚಿತ್ರದ ಮೂಲೆಯಲ್ಲಿ ಸಣ್ಣ ಬಾಣವಿದ್ದರೆ ಅದು ಹಾಡಲ್ಲ, ಹಾಡು ಇರುವ ಜಾಗದ ಗುರುತು, ಅದನ್ನಷ್ಟೇ ಬೇರೆ ಮಿಷಿನ್ನಿಗೆ ಒಯ್ದರೆ ಏನೂ ಬರುವುದಿಲ್ಲ. ಮಾಮಾನ ಪರದೆಯ ಮೇಲೆ ನಮ್ಮ ಹಾಡಿಗೂ ಅಂಥದೇ ಬಾಣವಿತ್ತು. ನಾನು ತಂದದ್ದು ಬರೀ ಗುರುತು. ಹಾಡು ಮಾಮಾನ ಅಂಗಡಿಯಲ್ಲೇ ಇತ್ತು. ಅಲ್ಲಿ ಒತ್ತಿದಾಗ ಬಂದದ್ದೂ ಅದಕ್ಕೇ.

ಊರಲ್ಲಿ ಕಸ್ತೂರಿ ಇನ್ನೂ ನನ್ನ ಪರವಾಗಿ ಜಗಳವಾಡುತ್ತಲೇ ಇದ್ದಳು. ಕಾಕಾ ಎದುರಾದರೆ ಮುಖ ತಿರುಗಿಸುತ್ತಿದ್ದಳು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಒಂದು ವರ್ಷ ನುಂಗಿಕೊಂಡೆ. ಕಡೆಗೆ ಹೊಲದಲ್ಲಿ ಅವಳು ಹತ್ತಿ ಬಿಡಿಸುತ್ತಿದ್ದಾಗ ಹೇಳಿದೆ.

"ನಿನಗ ಯಾವಾಗ ಗೊತ್ತಾತು?"

"ಹ್ವಾದ ವರ್ಷ."

ಅವಳ ಕೈ ನಿಂತಿತು. "ಗೊತ್ತಿಲ್ದ ಮಾಡಿದ್ದು ತಪ್ಪಲ್ಲ ಲೇ. ಗೊತ್ತಾದ ಮ್ಯಾಲೂ ಸುಮ್ಮನಿದ್ದಿ. ನಾ ಆ ಮನಶ್ಯಾನ ಬೈಕೋತ ಅಡ್ಡಾಡಿದೆ."

ಅಷ್ಟೇ. ಮುಂದಿನ ಸಾಲಿಗೆ ಹೋಗಿ ಹತ್ತಿ ಬಿಡಿಸತೊಡಗಿದಳು. ಆಮೇಲೆ ಎದುರಾದಾಗೆಲ್ಲ "ಆರಾಮ ಅದಿಯೇನ?" ಎಂದು ಕೇಳುತ್ತಿದ್ದಳು, ಊರಿಗೆ ಬಂದ ಬೀಗರನ್ನು ಕೇಳುವ ಹಾಗೆ.

ಈಗ ನನ್ನ ಫೋನಿನಲ್ಲಿ ಬೇಕಾದ ಹಾಡು ಕೂತಲ್ಲೇ ಸಿಗುತ್ತದೆ. ನಾನು ಅಂದದ್ದೇ ಖರೆ ಎಂದು ಇಡೀ ಊರಿನ ಜೊತೆ ಜಗಳ ತೆಗೆಯುವವರು ಮಾತ್ರ ಆಮೇಲೆ ಒಬ್ಬರೂ ಸಿಗಲಿಲ್ಲ.