ಮೂರನೇ ಹಂತದ ಎರಡು ಸೂರ್ಯರು

ತಾನು ಬಂಗಡೆಯೋ ಕೊರೊಕ್ಕೆಯೋ ಎಂಬುದು ಕುವಾಬಾರಾ ತೊಮಿಯೆಗೆ ಅರವತ್ತೆರಡು ತುಂಬಿದರೂ ಬಗೆಹರಿದಿರಲಿಲ್ಲ.

ಇಪ್ಪತ್ತಾರರ ವಯಸ್ಸಿನಲ್ಲಿ ಅವಳು ಒಸಾಕಾದ ಪುಟ್ಟ ವಿಡಿಯೋ ಗೇಮ್ ಕಂಪನಿಯೊಂದರಲ್ಲಿದ್ದಳು. ಕವಚ ತೊಟ್ಟ ಸೈನಿಕನೊಬ್ಬ ಎಡದಿಂದ ಬಲಕ್ಕೆ ಓಡುತ್ತ ಯಂತ್ರಗಳನ್ನು ಸುಡುವ ಆಟ ಅದು. ಅವನ ಹಿಂದೆ ಸರಿಯುವ ಊರು, ಆಕಾಶಗಳನ್ನು ಚುಕ್ಕೆ ಚುಕ್ಕೆಯಾಗಿ ಕೂಡಿಸುವುದು ಅವಳ ಮತ್ತು ಪಕ್ಕದ ಮೇಜಿನ ಹುಡುಗ ನಿಶಿದೆಯ ಕೆಲಸ. ಆಟದ ಕೊನೆಗೆ ದುಡಿದವರ ಹೆಸರು ಬರಬೇಕು. ನಿಜವಾದ ಹೆಸರು ಹಾಕಿದರೆ ಬೇರೆ ಕಂಪನಿಯವರು ಎಗರಿಸಿಕೊಂಡು ಹೋಗುತ್ತಾರೆಂದು ಯಜಮಾನನಿಗೆ ಭಯ. ಅವನೋ ಮಹಾ ಸೋಮಾರಿ, ಒಂದು ಮಧ್ಯಾಹ್ನ ಎಲ್ಲರ ಬುತ್ತಿಯೊಳಗೆ ಇಣುಕಿ, ಕಂಡ ತಿಂಡಿಯನ್ನೇ ಅವರವರ ಹೆಸರಾಗಿ ಬರೆದುಕೊಂಡ. ತೊಮಿಯೆಗೆ ಬಂಗಡೆ ಮೀನು ಕಂಡರಾಗದು, ಅವಳ ಅಮ್ಮ ದಿನವೂ ಅದನ್ನೇ ತುಂಬುತ್ತಿದ್ದಳು. ಹಾಗಾಗಿ ಅವಳು ನಿಶಿದೆಯ ಕೊರೊಕ್ಕೆಗೆ, ಅಂದರೆ ಕರಿದ ಆಲೂಗಡ್ಡೆ ವಡೆಗೆ, ಬುತ್ತಿ ಬದಲಾಯಿಸಿಕೊಳ್ಳುತ್ತಿದ್ದಳು. ಯಜಮಾನ ಇಣುಕಿದ್ದು ಬದಲಾಯಿಸುವ ಮೊದಲೋ ಆಮೇಲೋ, ಇಬ್ಬರೂ ಕೇಳಲಿಲ್ಲ. ಅಷ್ಟರಲ್ಲಿ ತೊಮಿಯೆಯ ಮದುವೆ ಗೊತ್ತಾಯಿತು. ಮದುವೆಯಾಗುವ ಹುಡುಗಿಯರೆಲ್ಲ ಮಾಡುವಂತೆ ಹೂಗುಚ್ಛ ಹಿಡಿದು ಕೆಲಸ ಬಿಟ್ಟಳು.

ಮೂವತ್ತಾರು ವರ್ಷದ ಮೇಲೆ, ಅಮಾಗಾಸಾಕಿಯ ಸಭಾಭವನದಲ್ಲಿ ಹಳೆಯ ಆಟಗಳ ಪ್ರದರ್ಶನ. ನಡೆಸುವವ ಹಿರಾಯಾಮ, ನಲವತ್ತೈದರ ಆಟದ ಹುಚ್ಚ. ಮೂರನೇ ಹಂತದ ಹಾಳೂರಿನ ಚಿತ್ರದ ಕೆಳಗೆ ನಿಜವಾದ ಹೆಸರು ಹಾಕಬೇಕೆಂದು ಅವಳನ್ನು ಹುಡುಕಿ ಕರೆಸಿದ್ದ. ಆಟದಲ್ಲಿ ಅದು 'ಬಂಗಡೆ'ಯ ಕೆಲಸವೆಂದಿತ್ತು. ನಿಶಿದೆ ತೀರಿಹೋಗಿದ್ದ, ಅವನ ಹೆಂಡತಿಯೂ ಹಿರಾಯಾಮನಿಗೆ ಪತ್ರ ಬರೆದಿದ್ದಳು: ಬಂಗಡೆ ನನ್ನ ಗಂಡ.

ತೊಮಿಯೆಗೆ ಹೊಟ್ಟೆ ಉರಿಯಿತು. ಆ ಊರನ್ನು ಪೂರ್ತಿ ಕಟ್ಟಿದವಳು ತಾನು. ಮನೆಯಲ್ಲಿ ಯಾರೂ ನಂಬಿರಲಿಲ್ಲ. ಒಂದು ಸಲವಾದರೂ ತನ್ನ ಹೆಸರನ್ನು ಅಚ್ಚಿನಲ್ಲಿ ನೋಡಬೇಕಿತ್ತು. ತಾನೇ ಆಡಿ ತೋರಿಸೋಣವೆಂದರೆ ಎರಡನೇ ಹಂತ ದಾಟಲು ಎಂದೂ ಅವಳ ಕೈಲಾಗಿರಲಿಲ್ಲ.

ಹಿರಾಯಾಮ ಆಡಿದ. ಮೂರನೇ ಹಂತ ಬಂತು. ಗೋಪುರಗಳ ಎಡಮೈಗೆಲ್ಲ ಬೆಳಕು, ಅವಳು ಇಟ್ಟ ಹಾಗೆಯೇ. ಅರ್ಧ ದಾರಿ ದಾಟಿದ್ದೇ ಬೆಳಕು ಬಲಮೈಗೆ ಹಾರಿತು. ತೊಮಿಯೆಗೆ ತಲೆಬುಡ ತಿಳಿಯಲಿಲ್ಲ. ಏನೋ ತಪ್ಪಾಗಿದೆ ಎಂದಳು.

"ತಪ್ಪಲ್ಲಮ್ಮ, ಈ ಗ್ರಹಕ್ಕೆ ಎರಡು ಸೂರ್ಯ," ಎಂದ ಹಿರಾಯಾಮ. "ಚಿಕ್ಕವರಿದ್ದಾಗ ಇದ್ರ ಬಗ್ಗೆ ಎಷ್ಟು ಜಗಳ ಆಡಿದೀವಿ ಗೊತ್ತಾ?"

ನಿಶಿದೆ ಎಡಚ. ಬೆಳಕನ್ನು ಯಾವಾಗಲೂ ಬಲಕ್ಕೇ ಇಡುತ್ತಿದ್ದ, ಅದಕ್ಕಾಗಿ ಅವಳಿಂದ ಬೈಸಿಕೊಳ್ಳುತ್ತಿದ್ದ. ಹೂಗುಚ್ಛದ ದಿನ ಅವನು ಅವಳ ಮೇಜಿನಿಂದ ಹಾಳೂರಿನ ಉಳಿದ ಕೆಲಸದ ಕಾಗದದ ಕಂತೆ ಎತ್ತಿಕೊಂಡದ್ದು ಈಗ ನೆನಪಾಯಿತು. ಮುಗಿಸಿಯೇ ಬಂದೆ ಎಂದು ಇಷ್ಟು ವರ್ಷ ಎದೆಯುಬ್ಬಿಸಿಕೊಂಡಿದ್ದಳಲ್ಲ, ನಾಚಿಕೆಯಾಯಿತು.

ಇಬ್ಬರ ಹೆಸರನ್ನೂ ಹಾಕಲು ಹೇಳಿದಳು. ಹಾಗಾದರೆ ಬಂಗಡೆ ಯಾರೆಂದು ಬರೆಯಲಿ ಎಂದು ಹಿರಾಯಾಮ ಪೆನ್ನು ಹಿಡಿದು ಕಾದ.

"ಅದು ನಂಗೂ ಗೊತ್ತಿಲ್ಲಪ್ಪ. ಈ ಹಂತ ಇನ್ನೊಂದ್ಸಲ ಆಡಿ. ನಿಶಿದೆಯವರ ಅರ್ಧ ನಾನಿನ್ನೂ ಸರಿಯಾಗಿ ನೋಡಿಲ್ಲ."