ಇನ್ನು ತುಳುವಿನಲ್ಲಿ ಕೇಳುವ

ಪಿಯುಸಿಯಲ್ಲಿ ನಮಗೆ ಕನ್ನಡ ಕಲಿಸಿದ ಮೇಡಂ ಪ್ರತಿವರ್ಷ ಮಕ್ಕಳನ್ನು ಪುಂಜಾಲಕಟ್ಟೆಯಲ್ಲಿ ಬಸ್ಸು ಹತ್ತಿಸಿ, ಮೂಡುಬಿದಿರೆಯ ಡಿಗ್ರಿ ಕಾಲೇಜುಗಳ ಓಪನ್ ಡೇಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಕೋಟು ತೊಟ್ಟ ವಿದ್ಯಾರ್ಥಿಗಳು ಪುಸ್ತಕದ ಕನ್ನಡದಲ್ಲಿ ಹಾಸ್ಟೆಲನ್ನು ಹೊಗಳುವಾಗ ತಲೆದೂಗಿ ಕೇಳುತ್ತಿದ್ದರು. ಆಮೇಲೆ ಕನ್ನಡಕವನ್ನು ತಲೆಗೇರಿಸಿ ನಮ್ಮತ್ತ ಬಾಗುತ್ತಿದ್ದರು: “ಕನ್ನಡದಲ್ಲಿ ಎಲ್ಲ ಚಂದ ಉಂಟು. ಇನ್ನು ತುಳುವಿನಲ್ಲಿ ಕೇಳುವ.”

ತುಳುವಿನಲ್ಲಿ ಕೇಳಿದ್ದೇ ತಡ, ನೀರು ಬಾರದ ನಲ್ಲಿ, ಬೀಗ ತೆಗೆಯದ ಲ್ಯಾಬು ಎಲ್ಲ ನಗುನಗುತ್ತಲೇ ಹೊರಬರುತ್ತಿದ್ದವು. ಹಾಗೆ ಕೇಳಿ ಕೇಳಿಯೇ ನಾನೊಂದು ಕಾಲೇಜು ಆರಿಸಿದೆ.

ಮರುವರ್ಷ ಅಲ್ಲಿ ಕೋಟು ತೊಟ್ಟು ನಿಂತವಳು ನಾನು. ಹೊಸ ಮಕ್ಕಳೊಂದಿಗೆ ಬಂದ ಮೇಡಂ ನನ್ನ ಭಾಷಣ ಪೂರ್ತಿ ಕೇಳಿ, “ಉಚ್ಚಾರ ಚಂದ ಉಂಟು ಮಾರಾಯ್ತಿ” ಎಂದರು. ಕನ್ನಡಕ ತಲೆಗೇರಿತು.

“ವಣಸ್ ಎಂಚ ಉಂಡು?” ಎಂದು ಮೆಸ್ಸಿನ ಊಟದ ವಿಚಾರ ತೆಗೆದರು.

ಪ್ರಿನ್ಸಿಪಾಲರು ಎಲ್ಲಿ ನಿಂತಿದ್ದಾರೆಂದು ನಾನು ಮೊದಲು ನೋಡಿಕೊಂಡೆ.