ರವಿವಾರದ ತನಕ ಕಾದ ಕಾಗದ

ಕಳೆದ ವಾರ ಅಮರಗೋಳದ ಮಾರುಕಟ್ಟೆಗೆ ಹೋಗಿದ್ದೆ. ನಾಲ್ಕು ಹನಿ ಬೀಳುತ್ತಲೇ ಹಮಾಲರು ಮೆಣಸಿನಕಾಯಿ ಚೀಲಗಳ ಮೇಲೆ ಹಳೆಯ ತಾಡಪತ್ರಿ ಎಳೆದರು. ಮೇಣ, ಎಣ್ಣೆ, ದಪ್ಪ ಬಟ್ಟೆ ಕೂಡಿದ ಆ ವಾಸನೆ ಮೂಗಿಗೆ ಬಡಿಯಿತು. ಗೋಪನಕೊಪ್ಪದ ನಮ್ಮ ಪಕ್ಕದ ಮನೆಯ ಕಾಕಾ ನೆನಪಾದರು…

ಅರವತ್ತರ ದಶಕದ ನಡುವಿನ ಮಾತು. ನಾನು ಹೈಸ್ಕೂಲಿಗೆ ಹೊಸದಾಗಿ ಸೇರಿದ್ದ ಮಾಸ್ತರ. ಕಾಕಾ ತಾಡಪತ್ರಿ ಹೊಲಿಯುತ್ತಿದ್ದರು. ಅದಕ್ಕೂ ಕೆಲವು ವರ್ಷ ಮೊದಲು, ಮುಂಬಯಿಯಲ್ಲಿದ್ದಾಗ, ಲೋಕ ಸುತ್ತಲು ಹೊರಟಿದ್ದ ವಿದೇಶಿ ಮುದುಕನೊಬ್ಬನ ದೋಣಿಗೆ ಹಾಯಿ ಹೊಲಿದುಕೊಟ್ಟು, ಅವನ ಜೊತೆಗೇ ಸಮುದ್ರಕ್ಕೆ ಇಳಿದಿದ್ದರು. ಒಂದೆಡೆ ನಿಲ್ಲದ ಅಭ್ಯಾಸ ಅಲ್ಲಿಂದಲೇ ಬಂದದ್ದು. ಉಣ್ಣುವಾಗಲೂ ನಡುವೆ ಎದ್ದು ಓಡಾಡುವರು.

“ಅಲ್ರೀ, ಜರಾ ಕೂಡ್ರಿ. ನೆಲಾ ಸವದು ಹೋದೀತು!” ಎಂದು ಅವರ ಹೆಂಡತಿ ಕಾಕೂ ಗದರುವರು.

ಮೆಕ್ಸಿಕೋದ ಒಂದು ಬಂದರಿನಲ್ಲಿ ದೋಣಿ ಎರಡು ದಿನ ನಿಂತಿತಂತೆ. ಕಾಕಾ ಬಸ್ಸು ಹತ್ತಿ, ಕಾಡಿನೊಳಗಿನ, ಹಿಂದಿನ ಕಾಲದ ಮಾಯಾ ಜನರ ಹಾಳು ಗುಡಿ ನೋಡಲು ಹೋದರು. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟರು. ಸುಡುವ ಮಧ್ಯಾಹ್ನ. ಹತ್ತಿ ಇಳಿಯುವಷ್ಟರಲ್ಲಿ ಅಂಗಾಲ ತುಂಬ ಬೊಬ್ಬೆ.

“ದೇವರ ಇಲ್ಲದ ಗುಡಿಗೆ ಚಪ್ಪಲಿ ಯಾಕ ಬಿಟ್ರಿ ಕಾಕಾ?”

“ದೇವರ ಹೋಗಿರಬಹುದ್ರಿ ಮಾಸ್ತರ. ಗುಡಿ ಅಲ್ಲೇ ಐತಲ್ರಿ!”

ಕುಂಟುತ್ತ ಬಂದರಿಗೆ ಮರಳಿದಾಗ ಹೊತ್ತು ಮೀರಿ, ದೋಣಿ ಹೋಗಿಬಿಟ್ಟಿತ್ತು. ಸರಕಿನ ಹಡಗಿನಲ್ಲಿ ಪಾತ್ರೆ ತೊಳೆಯುತ್ತ ಊರು ಮುಟ್ಟಿದರು. ಹೇಳದೆ ಓಡಿಹೋದವನೆಂದು ಮುದುಕ ತಿಳಿದಿರಬಹುದು ಎಂಬುದೇ ಅವರ ಕೊರಗು. ಇನ್ನೊಮ್ಮೆ ಆ ದೋಣಿ ಹತ್ತಿ, ಓಡಿಹೋಗಿರಲಿಲ್ಲವೆಂದು ಎದುರು ನಿಂತು ಹೇಳಬೇಕೆಂಬುದು ಅವರ ಆಸೆ. ಮುದುಕನ ಊರಿನ ವಿಳಾಸಕ್ಕೆ ನನ್ನಿಂದ ಇಂಗ್ಲಿಷಿನಲ್ಲಿ ಕಾಗದ ಬರೆಸಿದರು.

ಉತ್ತರ ಬಂದದ್ದು ಒಂದು ಗುರುವಾರ. ಓಣಿಯವರ ಕಾಗದ ಓದುವುದು, ಬರೆಯುವುದು ಎಲ್ಲ ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ಎಂಬುದು ನನ್ನ ನಿಯಮ. ಉಳಿದ ದಿನ ಪಾಠ, ಪೇಪರು.

“ಮಾಸ್ತರ, ಕಾಗದ ಬಂದೈತ್ರಿ…”

“ರವಿವಾರ ಬರ್ರಿ ಕಾಕಾ.”

ಮೂರು ಸಂಜೆ ಅವರು ನನ್ನ ಕಿಟಕಿಯ ಮುಂದೆ ಅತ್ತಿಂದಿತ್ತ ನಡೆದರು. ಹೆಜ್ಜೆ ಸಪ್ಪಳಕ್ಕೆ ಪೇಪರು ತಿದ್ದಲಾಗದೆ ನಾನು ಕಿಟಕಿ ಮುಚ್ಚಿಕೊಂಡೆ.

ರವಿವಾರ ಒಂಬತ್ತಕ್ಕೆ ಲಕೋಟೆ ಒಡೆದೆ. ಮುದುಕ ಗೋವಾದಿಂದ ಬರೆದಿದ್ದ. ಹಾಯಿ ಹರಿದಿದೆ. ನಿನ್ನನ್ನು ಬಿಟ್ಟುಹೋದೆನೆಂದು ನನ್ನ ಮೇಲೆ ಸಿಟ್ಟಿಲ್ಲದಿದ್ದರೆ ಬಾ. ಶನಿವಾರ ಸಂಜೆಯವರೆಗೆ ಕಾಯುತ್ತೇನೆ…

ಆ ಶನಿವಾರ ನಿನ್ನೆಯೇ ಕಳೆದಿತ್ತು. “ಬ್ಯಾರೇದವ್ರ ಕಡೆ ಓದಿಸಬಾರದಿತ್ತೇನ್ರಿ?”

“ಹೆಂಗ ಓದಸ್ಲಿ? ಬರದಾವ್ರು ನೀವು. ಇನ್ನೊಬ್ರ ಕೈಯಾಗ ಕೊಟ್ರ ನಿಮಗ ಕೆಟ್ಟ ಅನಸೂದಿಲ್ಲೇನು?” ಎನ್ನುತ್ತಲೇ ಎದ್ದರು. ಕಾಕೂ ಬುತ್ತಿ ಕಟ್ಟುವ ಮೊದಲೇ ಸ್ಟೇಷನ್ನಿನ ದಾರಿ ಹಿಡಿದಿದ್ದರು.

ಮಂಗಳವಾರ ಮರಳಿದರು. ದೋಣಿ ಇರಲಿಲ್ಲ. “ಈ ಸಲ ಕಾಲು ಛಲೋ ಇದ್ದುವು ನೋಡ್ರಿ” ಎಂದು ನಕ್ಕರು. ನಾನು ಅವಸರದಿಂದ ಹಾಳೆ, ಮಸಿ ತಂದೆ. ಈಗಲೇ ಉತ್ತರ ಬರೆಯೋಣ ಎಂದೆ.

“ಈಗೇನ ಅವಸರ ಮಾಸ್ತರ? ರವಿವಾರ ಬರ್ತೇನಿ.”

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಆ ರವಿವಾರ ಬರೆದೆವು. ಉತ್ತರ ಬರಲಿಲ್ಲ.

ಕಾಕಾ ತೀರಿಕೊಂಡು ಎಷ್ಟೋ ವರ್ಷಗಳಾದವು. ನಾನು ಈಗಲೂ ಐದಕ್ಕೆ ಏಳುತ್ತೇನೆ, ಏಳಕ್ಕೆ ಚಹಾ ಕುಡಿಯುತ್ತೇನೆ. ರವಿವಾರದ ಆ ಒಂದು ನಿಯಮವನ್ನು ಮಾತ್ರ ಅಂದೇ ಬಿಟ್ಟೆ. ಅದನ್ನೂ ಅವರಿಗೆ ಹೇಳಲಿಲ್ಲ. ತಪ್ಪಾಯಿತೆಂದೂ ಹೇಳಲಿಲ್ಲ…